ಬೆಳಿಗ್ಗೆ 4ಕ್ಕೆ ಏಳಲು ಆಗುತ್ತಿಲ್ಲ, ನಾನು ಸೋಮಾರಿಯಾ?

ಪ್ರಶ್ನೆ: ಸರ್, ನನಗೆ 42 ವರ್ಷ. ಸಿದ್ದಾಪುರದ ಹತ್ತಿರ ನಮ್ಮದು 35 ಎಕರೆ ಕಾಫಿ ತೋಟ. ಹೆಚ್ಚಿನದು ರೊಬಸ್ಟಾ ತಳಿ, ಜೊತೆಗೆ ಕರಿಮೆಣಸು. ಅಪ್ಪ ತೀರಿಕೊಂಡ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ. ಐದು ರೂಮಿನ ಹೋಂಸ್ಟೇ ಇದೆ. ಮೂರು ವರ್ಷದ ಹಿಂದೆ ಗೋಣಿಕೊಪ್ಪದಲ್ಲಿ ಕಾಫಿ ಹುರಿದು ಪುಡಿ ಮಾಡುವ ಸಣ್ಣ ಘಟಕವನ್ನೂ ಶುರು ಮಾಡಿದೆ. ಎಲ್ಲಾ ಸೇರಿ 22 ಜನ ಕೆಲಸಕ್ಕಿದ್ದಾರೆ. ದೊಡ್ಡ ಉದ್ಯಮಿಗಳೆಲ್ಲ ಬೆಳಿಗ್ಗೆ 4ಕ್ಕೆ ಏಳುತ್ತಾರೆ ಎಂದು ವಿಡಿಯೋಗಳಲ್ಲಿ ನೋಡಿ ನಾನೂ ಶುರು ಮಾಡಿದೆ. ತಣ್ಣೀರು ಸ್ನಾನ, ಧ್ಯಾನ, ಡೈರಿ, ತೋಟದ ರಸ್ತೆಯಲ್ಲಿ ಓಟ, 20 ಪುಟ ಓದು. ಒಂದು ಗಂಟೆ ಫೋನ್ ಮುಟ್ಟಬಾರದು. 21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂದಿದ್ದರು, 19ನೇ ದಿನಕ್ಕೆ ಬಿಟ್ಟೆ. ಹೋಂಸ್ಟೇ ಅತಿಥಿಗಳು ಕ್ಯಾಂಪ್ ಫೈರ್ ಬಿಟ್ಟು ಏಳುವಾಗಲೇ ರಾತ್ರಿ 11 ಆಗಿರುತ್ತದೆ. ಮಾರನೇ ದಿನ ಬೆಳಿಗ್ಗೆ 11ಕ್ಕೆ ತೂಕಡಿಕೆ. ನಮ್ಮದೇ ರೊಬಸ್ಟಾ ಪುಡಿಯ ಕಾಫಿ ದಿನಕ್ಕೆ ಐದಾರು ಲೋಟ ಕುಡಿದು ತಳ್ಳುತ್ತೇನೆ. ತೋಟದ ಲೆಕ್ಕ ಬರೆಯುವ ರೈಟರ್ ಮೇಲೆ ಸುಮ್ನೆ ರೇಗುತ್ತೇನೆ. ಗೊರಕೆಯೂ ಜಾಸ್ತಿಯಾಗಿದೆ ಎಂದು ಹೆಂಡತಿ ಹೇಳುತ್ತಾಳೆ. ಮಿಲಿಟರಿಯಿಂದ ನಿವೃತ್ತರಾದ ದೊಡ್ಡಪ್ಪ ಮಾತ್ರ, 'ನಾವು 30 ವರ್ಷ ನಾಲ್ಕೂವರೆಗೆ ಎದ್ದವರು, ನಿಂಗೇನೋ ಆಗಿರೋದು?' ಎನ್ನುತ್ತಾರೆ. ನನ್ನಂಥವನಿಗೆ ಸರಿಯಾದ ದಿನಚರಿ ಯಾವುದು? ಅಥವಾ ನಾನು ಸೋಮಾರಿಯಾ?
— ಓದುಗರು, ದಕ್ಷಿಣ ಕೊಡಗು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ, ನೀವು ಸೋಮಾರಿಯಲ್ಲ. ಲೆಕ್ಕ ಹಾಕಿ ನೋಡಿ. 11ಕ್ಕೆ ಅತಿಥಿಗಳು ಎದ್ದರೆ, ಬೆಂಕಿ ಆರಿಸಿ, ಗೇಟು ಹಾಕಿ ನೀವು ಮಲಗುವಾಗ ಹನ್ನೊಂದೂಮುಕ್ಕಾಲು. 4ಕ್ಕೆ ಅಲಾರಂ. ನಾಲ್ಕೂಕಾಲು ಗಂಟೆ ನಿದ್ದೆ. ಅದರಲ್ಲಿ 19 ದಿನ ನಡೆಸಿದ್ದೀರಿ ಎಂದರೆ ನೀವು ಛಲಗಾರರೇ. ಛಲವೆಲ್ಲ ಬೇಡದ ಕಡೆ ಖರ್ಚಾಯಿತು, ಅಷ್ಟೆ.

ನಾನು ಮೊದಲು ಒಂಬತ್ತು ವರ್ಷ ಕಾಫಿ ಎಸ್ಟೇಟಿನಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಆಗಿದ್ದವನು. ಆಮೇಲೆ ತೋಟ ಮತ್ತು ಸಣ್ಣ ಉದ್ದಿಮೆ ನಡೆಸುವವರಿಗೆ ಸಲಹೆ ಕೊಡುವ ಕೆಲಸ ಹಿಡಿದೆ. ನಿಮ್ಮ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ತುಂಬಾ ಜನ ಕೇಳಿದ್ದಾರೆ. ಕೇಳುವುದು ಬೆಳಗಿನ ಬಗ್ಗೆ, ಒಳಗಿನ ಕಷ್ಟ ಮಾತ್ರ ಬೇರೆ ಇರುತ್ತದೆ. ನಿಮಗೆ ಮೂರು ಕಡೆ ಮೂರು ಕೆಲಸ. ಯಾವುದೂ ಪೂರ್ತಿ ಕೈಯಲ್ಲಿಲ್ಲ ಎಂಬ ಭಯ. ಬೆಳಿಗ್ಗೆ ಬೇಗ ಎದ್ದರೆ ಎಲ್ಲ ಹಿಡಿತಕ್ಕೆ ಬರುತ್ತದೆ ಎಂಬ ಆಸೆ. ಆಸೆ ತಪ್ಪಲ್ಲ. ಆದರೆ ನಿಮಗೆ ಸಿಕ್ಕ ದಿನಚರಿ ತೋಟವಿಲ್ಲದ, ಆನೆಯಿಲ್ಲದ, ಅತಿಥಿಗಳಿಲ್ಲದ ಯಾರದೋ ದಿನಚರಿ.

ಮೊದಲು 4 ಗಂಟೆಯ ಮಾತು. ಆ್ಯಪಲ್‌ನ ಟಿಮ್ ಕುಕ್ 4ರ ಆಸುಪಾಸಿಗೆ ಏಳುತ್ತಾರೆ, ನಿಜ. ಅಮೆಜಾನ್ ಕಟ್ಟಿದ ಜೆಫ್ ಬೆಜೋಸ್ ಎಂಟು ಗಂಟೆ ನಿದ್ದೆ ತಮಗೆ ಬೇಕೇ ಬೇಕು ಎಂದಿದ್ದಾರೆ. ತಲೆ ಓಡಿಸಬೇಕಾದ ಸಭೆಗಳನ್ನು 10 ಗಂಟೆಗೆ ಇಟ್ಟುಕೊಳ್ಳುವುದಾಗಿ 2018ರಲ್ಲಿ ಹೇಳಿದರು. ಅದಕ್ಕೆ ಮುಂಚೆ ಪೇಪರ್ ಓದುವುದು, ಮಕ್ಕಳ ಜೊತೆ ತಿಂಡಿ. ಇಬ್ಬರಲ್ಲಿ ಯಾರು ಸೋಮಾರಿ? ಹಾರ್ವರ್ಡ್‌ನ ಮೈಕೆಲ್ ಪೋರ್ಟರ್ ಮತ್ತು ನಿತಿನ್ ನೊಹ್ರಿಯಾ 27 ದೊಡ್ಡ ಕಂಪನಿಗಳ ಮುಖ್ಯಸ್ಥರ ದಿನವನ್ನು ತಲಾ ಮೂರು ತಿಂಗಳು ಗಂಟೆಗಂಟೆಗೂ ದಾಖಲಿಸಿದ್ದರು. 2018ರಲ್ಲಿ ಅದು ಪ್ರಕಟವಾಯಿತು. ಅವರ ಸರಾಸರಿ ನಿದ್ದೆ ರಾತ್ರಿಗೆ 6.9 ಗಂಟೆ. ನಾಲ್ಕೂಕಾಲು ಅಲ್ಲ.

ಇನ್ನೊಂದು. ವಿರಾಜಪೇಟೆಯಿಂದ ಹೊರಡುವ ಮೊದಲ ಬಸ್ಸಿನ ಡ್ರೈವರ್, ಪೇಪರ್ ಏಜೆಂಟ್, ಹಾಲು ಕರೆಯುವವರು, ಇವರೆಲ್ಲ ಹುಟ್ಟಿದಾಗಿನಿಂದ 4ಕ್ಕೇ ಏಳುತ್ತಿದ್ದಾರೆ. ಅವರನ್ನು ಯಾರೂ ವಿಡಿಯೋದಲ್ಲಿ ತೋರಿಸುವುದಿಲ್ಲ. 4ಕ್ಕೆ ಎದ್ದೂ ಬ್ಯಾಂಕಿಗೆ ಸಾಲ ಕಟ್ಟಲಾಗದೆ ಹೋದವರನ್ನೂ ತೋರಿಸುವುದಿಲ್ಲ. ಗೆದ್ದವರನ್ನು ಮಾತ್ರ ನಿಲ್ಲಿಸಿ ಅವರ ಅಲಾರಂ ನೋಡಿದರೆ ಅಲಾರಮೇ ಗೆಲ್ಲಿಸಿತು ಅನಿಸುತ್ತದೆ, ಅಲ್ವಾ?

ನಿಮ್ಮ ದೊಡ್ಡಪ್ಪನ ಮಾತಿಗೂ ಉತ್ತರ ಕೊಡಬೇಕು. ಕೊಡಗಿನಲ್ಲಿ ಮನೆಗೊಬ್ಬರು ಮಿಲಿಟರಿಯವರು ಇರುವುದರಿಂದ ಈ ಮಾತು ನಾನೂ ಸಾಕಷ್ಟು ಕೇಳಿದ್ದೇನೆ. ಅವರು ಹೇಳುವುದು ಅರ್ಧ ಕತೆ. ಬ್ಯಾರಕ್ಕಿನಲ್ಲಿ ಬೆಳಿಗ್ಗೆ ಎಬ್ಬಿಸುವ ಬಿಗಿಲ್ ಇದ್ದ ಹಾಗೆ ರಾತ್ರಿ ಲೈಟ್ಸ್ ಔಟ್ ಕೂಡ ಇತ್ತು. ದೀಪ ಆರಿಸಿ ಮಲಗಲೇಬೇಕು. ಅಡುಗೆ ಮಾಡುವವನು ಬೇರೆ, ಕಾವಲಿನ ಪಾಳಿ ಬೇರೆ. ನಿಮಗೆ ಅಡುಗೆ, ಕಾವಲು, ಆತಿಥ್ಯ, ಲೆಕ್ಕ ಎಲ್ಲಾ ಒಬ್ಬರದೇ ಪಾಳಿ. ಮುಂದಿನ ಸಲ ಅವರು ಕೇಳಿದಾಗ, 'ದೊಡ್ಡಪ್ಪ, ಲೈಟ್ಸ್ ಔಟ್ ಎಷ್ಟು ಗಂಟೆಗಿತ್ತು?' ಎಂದು ಮೆಲ್ಲನೆ ಕೇಳಿ ನೋಡಿ.

21 ದಿನದ ಲೆಕ್ಕ ಬಂದದ್ದು ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಮಾತಿನಿಂದ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಹೊಸ ಮುಖ ಒಗ್ಗಲು ಕಡಿಮೆ ಎಂದರೂ 21 ದಿನ ಬೇಕು ಎಂದು ಅವರು ಗಮನಿಸಿದ್ದರು. 'ಕಡಿಮೆ ಎಂದರೂ' ಎನ್ನುವುದು ಬಾಯಿಂದ ಬಾಯಿಗೆ ಹೋಗುವಾಗ ಉದುರಿಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಮುಂದೆ ಅಳೆದು ನೋಡಿದಾಗ ಒಂದು ಅಭ್ಯಾಸ ಕೂರಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗಲಿಲ್ಲ. ನೀವು ಒಂದಲ್ಲ, ಆರು ಹೊಸ ಅಭ್ಯಾಸಗಳನ್ನು ಒಟ್ಟಿಗೆ ಹೊತ್ತಿರಿ. ಅದೂ ನಿದ್ದೆಗೆಟ್ಟು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದ ಹಾಗಾಯಿತು.

ತಣ್ಣೀರು ಸ್ನಾನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ ಮೂರು ಸಾವಿರ ಜನರ ಮೇಲೆ ಮಾಡಿದ ಅಧ್ಯಯನ 2016ರಲ್ಲಿ ಬಂತು. ತಣ್ಣೀರು ಹಾಕಿಕೊಂಡವರು ಕೆಲಸಕ್ಕೆ ರಜೆ ಹಾಕುವುದು 29% ಕಡಿಮೆಯಾಯಿತು. ಆದರೆ ಕಾಯಿಲೆ ಬಿದ್ದ ದಿನಗಳು ಕಡಿಮೆಯಾಗಲಿಲ್ಲ! ಇಷ್ಟವಿದ್ದರೆ ಮಾಡಿ. ಬಿಪಿ ಅಥವಾ ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಡಿಸೆಂಬರ್ ತಿಂಗಳ ಕೊಡಗಿನ ನೀರನ್ನು ತಲೆಗೆ ಸುರಿದುಕೊಳ್ಳಬೇಡಿ.

ಓಟ ಮಾತ್ರ ಇವತ್ತೇ ನಿಲ್ಲಿಸಿ. ಇದನ್ನು ಸಲಹೆ ಎಂದುಕೊಳ್ಳಬೇಡಿ, ಎಚ್ಚರಿಕೆ ಎಂದುಕೊಳ್ಳಿ. ಸಿದ್ದಾಪುರ, ಅಮ್ಮತ್ತಿ ಕಡೆಯ ತೋಟಗಳಲ್ಲಿ ನಸುಕಿನ ಹೊತ್ತು ಆನೆಯ ಹೊತ್ತು. ಕಾಫಿ ಗಿಡದ ಮರೆಯಲ್ಲಿ ನಿಂತ ಆನೆ ಹತ್ತು ಹೆಜ್ಜೆ ದೂರದಲ್ಲಿದ್ದರೂ ಕಾಣುವುದಿಲ್ಲ. ಕಿವಿಗೆ ಇಯರ್‌ಫೋನ್ ಬೇರೆ ಹಾಕಿದ್ದರೆ ಕೇಳುವುದೂ ಇಲ್ಲ. ನಡೆಯಬೇಕೆಂದರೆ ಬಿಸಿಲೇರಿದ ಮೇಲೆ, ಜನ ಕೆಲಸಕ್ಕೆ ಇಳಿದ ಮೇಲೆ ತೋಟ ಸುತ್ತಿ. 35 ಎಕರೆಯ ಏರುತಗ್ಗು ಒಂದು ಸುತ್ತು ಬಂದರೆ ಬೇರೆ ವ್ಯಾಯಾಮ ಬೇಕಿಲ್ಲ.

ಹಾಗೆಯೇ ಫೋನ್ ಮುಟ್ಟಬಾರದು ಎಂಬ ನಿಯಮ. ಊರಲ್ಲಿ ಆನೆ ಎಲ್ಲಿದೆ ಎಂಬ ಸಂದೇಶ ಬರುವುದು ಫೋನಿಗೆ. ಕೆಲಸದವರ ಜೀಪು ಬರುತ್ತದಾ ಇಲ್ಲವಾ ಎಂದು ಮೇಸ್ತ್ರಿ ಹೇಳುವುದು ಫೋನಿನಲ್ಲಿ. ಅದನ್ನು ನೋಡದೆ ಧ್ಯಾನಕ್ಕೆ ಕೂತರೆ ಜನರನ್ನು ತೋಟದಲ್ಲಿ ಆನೆಯಿರುವ ಬ್ಲಾಕಿಗೆ, ಅಂದರೆ ಆ ಭಾಗಕ್ಕೇ, ಕಳಿಸಿದ ಹಾಗಾಗುತ್ತದೆ. ಆ ಎರಡು ಸಂದೇಶ ನೋಡಿ, ಫೋನ್ ಕೆಳಗಿಡಿ. ನೋಡಬಾರದ್ದು ಕಾಫಿ ಬೆಲೆ. ಲಂಡನ್ನಿನ ರೊಬಸ್ಟಾ ಮಾರುಕಟ್ಟೆ ತೆರೆಯುವುದು ನಮ್ಮ ಮಧ್ಯಾಹ್ನ. ಬೇಸಿಗೆಯಲ್ಲಿ ಒಂದೂವರೆಗೆ, ಚಳಿಗಾಲದಲ್ಲಿ ಎರಡೂವರೆಗೆ. ಬೆಳಿಗ್ಗೆ 5ಕ್ಕೆ ನೀವು ನೋಡುವುದು ನಿನ್ನೆ ರಾತ್ರಿ ಮುಗಿದ ಬೆಲೆ. ಅದು 10 ಗಂಟೆಗೆ ನೋಡಿದರೂ ಅಷ್ಟೇ ಇರುತ್ತದೆ. ಹಾಸಿಗೆಯಲ್ಲೇ ಬೆಲೆ ಕಂಡು ಮುಖ ಗಂಟಿಕ್ಕಿಕೊಂಡು ಮಸ್ಟರಿಗೆ (ಬೆಳಿಗ್ಗೆ ಕೆಲಸದವರ ಹಾಜರಿ ಹಾಕಿ ಕೆಲಸ ಹಂಚುವ ಹೊತ್ತಿಗೆ) ಬರುವ ಮಾಲೀಕರನ್ನು ನಾನು ಎಷ್ಟು ನೋಡಿಲ್ಲ!

ಈಗ ನಿಮ್ಮ ತೂಕಡಿಕೆಯ ಕಾರಣಕ್ಕೆ ಬರೋಣ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು ಎಂದು ಅಮೆರಿಕದ ನಿದ್ರಾ ತಜ್ಞರ ಸಂಘಗಳು 2015ರಲ್ಲಿ ಹೇಳಿವೆ. ಯಾರು ಬೇಗ ಏಳುವವರು, ಯಾರು ತಡ ಎನ್ನುವುದು ಸ್ವಲ್ಪ ಮಟ್ಟಿಗೆ ಹುಟ್ಟಿನಿಂದಲೇ ಬರುತ್ತದೆ. ಸುಮಾರು 7 ಲಕ್ಷ ಜನರನ್ನು ಪರೀಕ್ಷಿಸಿ 2019ರಲ್ಲಿ ಬಂದ ಅಧ್ಯಯನದಲ್ಲಿ ಇದಕ್ಕೆ ಸಂಬಂಧಪಟ್ಟ 351 ಜಾಗಗಳು ವಂಶವಾಹಿಗಳಲ್ಲಿ ಸಿಕ್ಕಿದವು. ಉಳಿದದ್ದನ್ನು ಹೊಂದಿಸುವುದು ಬೆಳಕು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ದೇಹದ ಗಡಿಯಾರ ಮುಂದಕ್ಕೆ ಸರಿಯುತ್ತದೆ, ರಾತ್ರಿ ಬೇಗ ನಿದ್ದೆ ಬರುತ್ತದೆ. ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದೇ ಆರೂಮುಕ್ಕಾಲು ದಾಟಿ. 4 ಗಂಟೆಗೆ ಟ್ಯೂಬ್‌ಲೈಟಿನ ಕೆಳಗೆ ಕೂತರೆ ಆ ಕೆಲಸ ಆಗುವುದಿಲ್ಲ.

ಕಾಫಿಯ ವಿಷಯ ಕಾಫಿಯವರಿಗೇ ಹೇಳಬೇಕಾಗಿದೆ. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾ ತಳಿಯ ಸುಮಾರು ಎರಡು ಪಟ್ಟು. ಕುಡಿದದ್ದರಲ್ಲಿ ಅರ್ಧ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಮಲಗುವುದಕ್ಕೆ ಆರು ಗಂಟೆ ಮುಂಚೆ ದೊಡ್ಡ ಪ್ರಮಾಣದ ಕೆಫೀನ್ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾದದ್ದು 2013ರ ಒಂದು ಅಧ್ಯಯನದಲ್ಲಿ ಕಂಡಿದೆ. ದಿನಕ್ಕೆ ಐದಾರು ಲೋಟ ಎಂದರೆ ಸಂಜೆಗೂ ಒಂದು ಇರುತ್ತದೆ, ಅದು ನಿಮ್ಮ ರಾತ್ರಿಯನ್ನು ತಿನ್ನುತ್ತಿದೆ. ರಾತ್ರಿ ಕೆಟ್ಟದ್ದರಿಂದ ಬೆಳಿಗ್ಗೆ ಇನ್ನೊಂದು ಲೋಟ. ಮಧ್ಯಾಹ್ನ 2ರ ನಂತರ ಬೇಡ. ಅತಿಥಿಗಳ ಜೊತೆ ಕೂತಾಗ ಒಂದೆರಡು ಪೆಗ್ ಆಗುತ್ತದಾ ಎಂದು ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ. ಮದ್ಯ ನಿದ್ದೆ ತರಿಸುತ್ತದೆ, ಆದರೆ ನಡುರಾತ್ರಿಯ ಮೇಲೆ ಅದನ್ನೇ ಒಡೆಯುತ್ತದೆ, ಗೊರಕೆಯನ್ನೂ ಹೆಚ್ಚಿಸುತ್ತದೆ ಎಂದಷ್ಟೇ ಹೇಳುತ್ತೇನೆ.

ಹಾಗಾದರೆ ಏನು ಮಾಡಬಹುದು? ನಿಮಗೆ ಮೂರು ದಾರಿ ಕಾಣುತ್ತಿದೆ.

ಒಂದು, ನಿಜವಾಗಿಯೂ ಬೇಗ ಏಳುವುದು. ಐದಕ್ಕೆ ಏಳಬೇಕಾದರೆ ಒಂಬತ್ತೂವರೆಗೆ ಮಲಗಿರಬೇಕು. ಅಂದರೆ ಹೋಂಸ್ಟೇಯ ರಾತ್ರಿಯನ್ನು ಬೇರೆಯವರ ಕೈಗೆ ಕೊಡಬೇಕು. ಅದಕ್ಕೆ ನಂಬಿಕಸ್ಥ ಜನ ಬೇಕು, ಸಂಬಳ ಬೇಕು. ಅತಿಥಿಗಳು ಕೊಡಗಿನ ಮನೆಗೆ ಬರುವುದು ಮನೆಯವರ ಜೊತೆ ಮಾತಾಡಲು. ನೀವು ಕಾಣದಿದ್ದರೆ ರಿವ್ಯೂನಲ್ಲಿ ಅದು ಬರುತ್ತದೆ. ಮಕ್ಕಳು ಊಟ ಮಾಡುವ ಹೊತ್ತಿಗೆ ನೀವು ಹಾಸಿಗೆ ಹುಡುಕುತ್ತಿರುತ್ತೀರಿ. ಕೆಲವರಿಗೆ ಇದು ಹೊಂದುತ್ತದೆ. ನಿಮಗೆ ಹೊಂದುತ್ತದೆ ಎಂದು ನನಗೆ ಅನಿಸುವುದಿಲ್ಲ.

ಎರಡು, ರಾತ್ರಿ ಈಗಿನ ಹಾಗೇ ಬಿಟ್ಟು ಬೆಳಿಗ್ಗೆ ಏಳಕ್ಕೆ ಏಳುವುದು, ಮಸ್ಟರನ್ನು ರೈಟರಿಗೆ ಬಿಡುವುದು. ಸುಲಭ. ಆದರೆ ವಾರದಲ್ಲಿ ನಾಲ್ಕು ದಿನ ಮಾಲೀಕ ಕಾಣದ ಮಸ್ಟರಿನಲ್ಲಿ ಐದನೇ ದಿನದಿಂದ ಜನ ಕಾಲು ಗಂಟೆ ತಡವಾಗಿ ಬರತೊಡಗುತ್ತಾರೆ. ಮಧ್ಯಾಹ್ನ ಮಲಗಿ ಸರಿ ಮಾಡಿಕೊಳ್ಳುತ್ತೇನೆ ಎಂದರೆ 20 ನಿಮಿಷಕ್ಕೆ ನಿಲ್ಲಿಸಬೇಕು. ಒಂದು ಗಂಟೆ ಮಲಗಿದರೆ ಎದ್ದಾಗ ತಲೆ ಭಾರ, ರಾತ್ರಿ ಮತ್ತೆ ನಿದ್ದೆಯಿಲ್ಲ.

ಮೂರನೆಯದು ನಾನು ಹೇಳುವ ದಾರಿ. ವರ್ಷಕ್ಕೆ ಒಂದೇ ದಿನಚರಿ ಬೇಡ. ತೋಟಕ್ಕೆ ಕಾಲವಿದ್ದ ಹಾಗೆ ದಿನಚರಿಗೂ ಕಾಲವಿರಲಿ. ಆಫೀಸಿನವರಿಗೆ ಜೂನ್‌ನ ಸೋಮವಾರವೂ ಜನವರಿಯ ಸೋಮವಾರವೂ ಒಂದೇ. ನಮಗೆ ಹಾಗಲ್ಲ.

ಡಿಸೆಂಬರಿನಿಂದ ಫೆಬ್ರವರಿವರೆಗೆ ರೊಬಸ್ಟಾ ಕೊಯ್ಲು. ಆಗ ಮಾಲೀಕ ಇರಲೇಬೇಕಾದ ಹೊತ್ತು ಸಂಜೆ, ಹಣ್ಣು ತೂಗುವ ಹೊತ್ತು. ಜನರಿಗೆ ಕೂಲಿ ಕಿಲೋ ಲೆಕ್ಕದಲ್ಲಿ. ತಕ್ಕಡಿಯ ಹತ್ತಿರ ನೀವು ನಿಂತಿದ್ದರೆ ಜಗಳವಿಲ್ಲ. ಆಮೇಲೆ ಹಣ್ಣು ಒಣಗಿಸುವ ಕಣದ ಕೆಲಸ. ಅದೇ ತಿಂಗಳಲ್ಲಿ ಕ್ರಿಸ್‌ಮಸ್, ಹೊಸ ವರ್ಷದ ಅತಿಥಿಗಳು. ಈ ಮೂರು ತಿಂಗಳು ಕ್ಯಾಂಪ್ ಫೈರ್ 10ಕ್ಕೆ ಮುಗಿಯುತ್ತದೆ ಎಂದು ಬುಕಿಂಗ್ ಮಾಡುವಾಗಲೇ ತಿಳಿಸಿ. ಬಂದ ಮೇಲೆ ಹೇಳಿದರೆ ಮುನಿಸಿಕೊಳ್ಳುತ್ತಾರೆ, ಮೊದಲೇ ಹೇಳಿದರೆ ಯಾರೂ ಬೇಸರ ಮಾಡುವುದಿಲ್ಲ. ನಾನು ಸಲಹೆ ಕೊಟ್ಟ ಎರಡು ಮನೆಗಳಲ್ಲಿ ಬುಕಿಂಗ್ ಒಂದೂ ಕಡಿಮೆಯಾಗಲಿಲ್ಲ.

ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂ ಅರಳಲು ಬೇಕಾದ ಹೂ ಮಳೆ ಬಾರದೆ ಸ್ಪ್ರಿಂಕ್ಲರ್ ಹಚ್ಚಿದರೆ ಯಾವ ದಿನಚರಿಯೂ ನಿಲ್ಲದು. ರಾತ್ರಿ 2ಕ್ಕೆ ಪೈಪ್ ಬದಲಿಸಬೇಕು, ಪಂಪು ಕೈಕೊಡುತ್ತದೆ. ಆ ಹತ್ತು ಹದಿನೈದು ದಿನ ಅಲಾರಂ ಮರೆತುಬಿಡಿ. ಹಗಲು ರಾತ್ರಿ ಸೇರಿ ಏಳು ಗಂಟೆ ನಿದ್ದೆ ಆಯಿತಾ ಎಂದು ಮಾತ್ರ ಎಣಿಸಿ. ಆ ದಿನಗಳಲ್ಲಿ ಹೊಸ ಸಾಲಕ್ಕೆ ಸಹಿ ಹಾಕಬೇಡಿ, ಯಾರನ್ನೂ ಕೆಲಸದಿಂದ ತೆಗೆಯಬೇಡಿ, ಘಾಟಿಯಲ್ಲಿ ನೀವೇ ಗಾಡಿ ಓಡಿಸಬೇಡಿ. ಜೂನ್‌ನಿಂದ ಆಗಸ್ಟ್ ಮಳೆ. ಕರೆಂಟಿಲ್ಲ, ಕೆಲಸ ಕಡಿಮೆ. ನಿಮ್ಮ 20 ಪುಟ ಓದು, ಮುಂದಿನ ವರ್ಷದ ಲೆಕ್ಕ, ಘಟಕದ ಹೊಸ ಪ್ಯಾಕೆಟ್ಟಿನ ಯೋಚನೆ ಎಲ್ಲ ಇಲ್ಲಿಗೆ ಇಟ್ಟುಕೊಳ್ಳಿ.

ಎಲ್ಲ ಕಾಲಕ್ಕೂ ಬದಲಾಗದ್ದು ಎರಡೇ ಇರಲಿ. ಒಂದು ನಿಮ್ಮ ಮನೆಯಲ್ಲೇ ಇದೆ. ಅಪ್ಪನ ಕಾಲದ ಮಳೆ ಪುಸ್ತಕ ಹುಡುಕಿ. ಕೊಡಗಿನ ಹಳೆಯ ತೋಟಗಳಲ್ಲಿ ದಿನಾ ಬೆಳಿಗ್ಗೆ ಮಳೆ ಮಾಪಕ ನೋಡಿ ಎಷ್ಟು ಇಂಚು ಎಂದು ಬರೆದಿಡುವುದು ಇದ್ದೇ ಇತ್ತು. ಆರಕ್ಕೆ ಏಳಿ. ಬೆಳಕಾದ ಮೇಲೆ ಬೆಲ್ಲದ ಕಾಫಿ ಹಿಡಿದು ಅಂಗಳಕ್ಕೆ ಹೋಗಿ. ಮಳೆಯಿರಲಿ ಬಿಡಲಿ, ಸೊನ್ನೆಯಾದರೂ ಬರೆಯಿರಿ. ಅದರ ಕೆಳಗೆ ಒಂದು ಸಾಲು: ಇವತ್ತು ನಾನೇ ಮಾಡಬೇಕಾದ ಒಂದು ಕೆಲಸ. ಬೆಳಕು, ಡೈರಿ, ಸುಮ್ಮನೆ ನಿಲ್ಲುವ ಹತ್ತು ನಿಮಿಷ ಮೂರೂ ಸಿಕ್ಕಿತು. ಹಳೆಯ ಅಭ್ಯಾಸದ ಬೆನ್ನಿಗೆ ಹೊಸದನ್ನು ಕಟ್ಟಿದರೆ ಬೇಗ ಕೂರುತ್ತದೆ.

ಇನ್ನೊಂದು, ಮಸ್ಟರಿಗೆ ದಿನಾ ಒಂದೇ ಹೊತ್ತಿಗೆ ಬರುವುದು. ನಾನು ಅಸಿಸ್ಟೆಂಟ್ ಆಗಿದ್ದಾಗ ಇಬ್ಬರು ಮ್ಯಾನೇಜರ್‌ಗಳ ಕೈಕೆಳಗೆ ಕೆಲಸ ಮಾಡಿದೆ. ಮೊದಲಿನವರು ಮಹಾ ಚುರುಕು. ಒಂದು ದಿನ ಐದೂವರೆಗೇ ಬಂದು ಕೆಲಸದವರ ಲೈನ್ ಮನೆ ಬಾಗಿಲು ತಟ್ಟುತ್ತಿದ್ದರು, ಇನ್ನೊಂದು ದಿನ ಒಂಬತ್ತಾದರೂ ಪತ್ತೆಯಿಲ್ಲ. ನಾವು ಅವರ ಜೀಪಿನ ಶಬ್ದಕ್ಕೆ ಕಿವಿ ಕೊಟ್ಟು ನಿಂತೇ ದಿನ ಕಳೆಯುತ್ತಿದ್ದೆವು. ಎರಡನೆಯವರು ಮಾತು ಕಡಿಮೆ, ನಗುವಂತೂ ಇಲ್ಲವೇ ಇಲ್ಲ. ಆದರೆ ಏಳೂಹತ್ತಕ್ಕೆ ಬರುತ್ತಿದ್ದರು, ಏಳೂಇಪ್ಪತ್ತಕ್ಕೆ ಹೋಗುತ್ತಿದ್ದರು. ಅವರು ಬರುವ ಮುಂಚೆಯೇ ರೈಟರ್ ಬ್ಲಾಕ್ ಹಂಚಿ ಮುಗಿಸಿರುತ್ತಿದ್ದ. ತಕರಾರು ಇದ್ದವರು ಆ ಹತ್ತು ನಿಮಿಷಕ್ಕೇ ಕಾದಿಟ್ಟುಕೊಳ್ಳುತ್ತಿದ್ದರು, ಮಧ್ಯಾಹ್ನ ಬಾಗಿಲಿಗೆ ಬರುತ್ತಿರಲಿಲ್ಲ. ನಿಮ್ಮ 22 ಜನಕ್ಕೆ ನೀವು ಎಷ್ಟು ಗಂಟೆಗೆ ಎದ್ದಿರಿ ಎನ್ನುವುದು ಬೇಕಿಲ್ಲ, ಎಷ್ಟು ಗಂಟೆಗೆ ಸಿಗುತ್ತೀರಿ ಎನ್ನುವುದು ಬೇಕು. ಗೋಣಿಕೊಪ್ಪದ ಘಟಕಕ್ಕೂ ಇದೇ. ಮನಸ್ಸು ಬಂದಾಗ ಹೋಗುವುದು ಬಿಟ್ಟು ವಾರಕ್ಕೆ ಮೂರು ದಿನ ಗೊತ್ತು ಮಾಡಿ.

ಮಸ್ಟರಿನ ನಂತರ, ಒಂಬತ್ತೂವರೆಯಿಂದ ಹತ್ತೂವರೆ, ಬಾಗಿಲು ಹಾಕಿಕೊಂಡು ಮಳೆ ಪುಸ್ತಕದಲ್ಲಿ ಬರೆದ ಆ ಒಂದು ಕೆಲಸ ಮಾಡಿ. ಹೆನ್ರಿ ಮಿಂಟ್ಸ್‌ಬರ್ಗ್ ಎಂಬ ಕೆನಡಾದ ಪಂಡಿತರು ಐದು ಸಂಸ್ಥೆಗಳ ಮುಖ್ಯಸ್ಥರ ಹಿಂದೆಯೇ ಕೂತು ನೋಡಿ 1973ರಲ್ಲಿ ಬರೆದಿದ್ದರು. ಆ ಮುಖ್ಯಸ್ಥರು ಮಾಡುವ ಕೆಲಸಗಳಲ್ಲಿ ಅರ್ಧದಷ್ಟು ಒಂಬತ್ತು ನಿಮಿಷ ಕೂಡ ನಡೆಯುತ್ತಿರಲಿಲ್ಲ, ಅಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಆಗ ಮೊಬೈಲೂ ಇರಲಿಲ್ಲ. ಆ ಒಂದು ಗಂಟೆಗೆ ಬೇಲಿ ಹಾಕದಿದ್ದರೆ ದನ ನುಗ್ಗಿದ ಗದ್ದೆಯೇ.

ನನ್ನದೂ ಒಂದು ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ನಾನೂ ಎರಡು ತಿಂಗಳು 4ಕ್ಕೆ ಎದ್ದು ನೋಡಿದವನೇ. ಒಬ್ಬ ಬೆಳೆಗಾರರ ಮನೆಯಲ್ಲಿ, ಅವರು ಬ್ಯಾಂಕ್ ಸಾಲದ ಕಷ್ಟ ಹೇಳುತ್ತಿರುವಾಗಲೇ, ಸೋಫಾದಲ್ಲಿ ನಿದ್ದೆ ಹೋದೆ. ಎದ್ದಾಗ ಮುಂದೆ ಅಕ್ಕಿರೊಟ್ಟಿ ಇತ್ತು, ಮೇಲೆ ಶಾಲು ಹೊದಿಸಿತ್ತು. ಅವರು ಏನೂ ಅನ್ನಲಿಲ್ಲ. ಮಾರನೇ ದಿನದಿಂದ ಆರಕ್ಕೆ ಏಳುತ್ತಿದ್ದೇನೆ.

ಕೊನೆಗೆ ಗೊರಕೆ. ನಿಮ್ಮ ಪತ್ರದಲ್ಲಿ ನೀವು ಅದನ್ನು ಸುಮ್ನೆ ಸೇರಿಸಿದ ಹಾಗಿದೆ, ನನಗೆ ಅದೇ ಮುಖ್ಯ ಅನಿಸಿತು. ಗೊರಕೆಯ ನಡುವೆ ಉಸಿರು ನಿಂತು ಮತ್ತೆ ಎಳೆದುಕೊಳ್ಳುತ್ತೀರಾ ಎಂದು ಮನೆಯವರನ್ನು ಕೇಳಿ. ಹೌದು ಎಂದರೆ ಅದು ಸ್ಲೀಪ್ ಆ್ಯಪ್ನಿಯಾ ಇರಬಹುದು. ಆಗ ಎಂಟು ಗಂಟೆ ಮಲಗಿದರೂ ಹಗಲು ತೂಕಡಿಕೆ ಹೋಗುವುದಿಲ್ಲ, ಬಿಪಿಯೂ ಏರುತ್ತದೆ. ಯಾವ ದಿನಚರಿಯಿಂದಲೂ ಅದು ಸರಿಹೋಗದು. ಇಎನ್‌ಟಿ ಅಥವಾ ಶ್ವಾಸಕೋಶದ ಡಾಕ್ಟರ್ ಒಂದು ರಾತ್ರಿಯ ನಿದ್ದೆ ಪರೀಕ್ಷೆ ಬರೆದುಕೊಡುತ್ತಾರೆ. ಮೈಸೂರಿಗೆ ಹೋಗಬೇಕಾಗಿ ಬಂದರೂ ಈ ತಿಂಗಳೇ ಹೋಗಿ ಬನ್ನಿ. ಕೊಯ್ಲು ಶುರುವಾದರೆ ಮಾರ್ಚ್ ತನಕ ನಿಮಗೆ ಪುರುಸೊತ್ತು ಸಿಗುವುದಿಲ್ಲ.